ಪೈನ್‌ಗೆ ಜ್ವರ, ಕರಂಟ್‌ಗೆ ಬರೆ

ಸಾವಿರದ ಒಂಬೈನೂರ ಮೂವತ್ತರ ದಶಕದಲ್ಲಿ ಅಮೆರಿಕದ ಕಾಡುಗಳಲ್ಲಿ ಒಂದು ವಿಚಿತ್ರ ಕೂಲಿ ಕೆಲಸ ನಡೆಯುತ್ತಿತ್ತು. ಆರ್ಥಿಕ ಮುಗ್ಗಟ್ಟಿನಲ್ಲಿ ಕೆಲಸ ಕಳೆದುಕೊಂಡ ಮನೆಗಳ ಹುಡುಗರಿಗಾಗಿ ಅಧ್ಯಕ್ಷ ರೂಸ್‌ವೆಲ್ಟ್ 1933ರಲ್ಲಿ ಒಂದು ದಳ ಕಟ್ಟಿದ್ದರು. ಸಿವಿಲಿಯನ್ ಕನ್ಸರ್ವೇಷನ್ ಕೋರ್ ಎಂದು ಅದರ ಹೆಸರು. ತಿಂಗಳಿಗೆ ಮೂವತ್ತು ಡಾಲರ್ ಸಂಬಳ, ಅದರಲ್ಲಿ ಇಪ್ಪತ್ತೈದು ಮನೆಗೆ ಹೋಗಬೇಕು. ಈ ಹುಡುಗರಲ್ಲಿ ಅನೇಕರ ದಿನಗೂಲಿ ಏನೆಂದರೆ, ಕಾಡಿನಲ್ಲಿ ದಾರ ಎಳೆದು ಪಟ್ಟಿ ಪಟ್ಟಿಯಾಗಿ ಗುರುತು ಮಾಡುವುದು, ಒಬ್ಬರ ಪಕ್ಕ ಒಬ್ಬರು ಸಾಲಾಗಿ ನಡೆಯುವುದು, ದಾರಿಯಲ್ಲಿ ಒಂದು ಜಾತಿಯ ಪೊದೆ ಸಿಕ್ಕರೆ ಬೇರುಸಹಿತ ಕಿತ್ತು ಹಾಕುವುದು. ಹಳ್ಳದ ಅಂಚು, ಬಂಡೆಯ ಸಂದು, ಕಡಿದಾದ ಇಳಿಜಾರು, ಯಾವುದನ್ನೂ ಬಿಡುವಂತಿಲ್ಲ. ಕಾಡಿನ ಪೊದೆ ಮುಗಿದ ಮೇಲೆ ಹಿತ್ತಲಿನ ಸರದಿ. ಅಜ್ಜಿ ನೆಟ್ಟದ್ದಾದರೂ ಸರಿ, ಜಾಮ್ ಮಾಡಲು ಬೆಳೆಸಿದ್ದಾದರೂ ಸರಿ, ಸರಕಾರದ ಆಳು ಬಂದರೆ ಗಿಡ ಹೋಗಲೇಬೇಕು.

ಆ ಪೊದೆಗೆ ಮುಳ್ಳಿದ್ದರೆ ಗೂಸ್‌ಬೆರಿ, ಇಲ್ಲದಿದ್ದರೆ ಕರಂಟ್ ಎಂದು ಸ್ಥೂಲವಾಗಿ ಹೇಳಬಹುದು. ಅದು ಮಾಡಿದ ತಪ್ಪಾದರೂ ಏನು? ಕಾಡಿನ ದೊಡ್ಡ ಮರವೊಂದಕ್ಕೆ ರೋಗ ಬಂದಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎನ್ನುತ್ತಾರಲ್ಲ, ನೋಡುವವರಿಗೆ ಇದು ಅದೇ ಗಾದೆಯ ಹಾಗೆ ಕಾಣುತ್ತದೆ. ಆದರೆ ಇಲ್ಲಿ ಬರೆ ಹಾಕಿದವರ ಬಳಿ ಕಾರಣವಿತ್ತು, ಅದೂ ಸಾಕಷ್ಟು ಗಟ್ಟಿಯಾದ ಕಾರಣ. ಕಥೆಯ ಸ್ವಾರಸ್ಯ ಇರುವುದೂ ಅಲ್ಲೇ.

ಮೊದಲು ಹೆಸರಿನ ಗೋಜಲು ಬಿಡಿಸಿಕೊಳ್ಳಬೇಕು. ನಮ್ಮಲ್ಲಿ ಕರಂಟ್ ಎಂದರೆ ಬಂದು ಹೋಗುವ ವಸ್ತು, ಹೆಚ್ಚಾಗಿ ಹೋಗುವ ವಸ್ತು. ಬೇಕರಿಯವರು ಕೇಕಿಗೆ ಹಾಕುವ ಕಪ್ಪು ಕರಂಟ್ ಅಂತೂ ಈ ಗಿಡದ ಹಣ್ಣೇ ಅಲ್ಲ. ಅದು ಗ್ರೀಸಿನ ಸಣ್ಣ ದ್ರಾಕ್ಷಿಯನ್ನು ಒಣಗಿಸಿದ್ದು. ಕಾರಿಂತ್ ಎಂಬ ಬಂದರಿನ ಹೆಸರು ಬಾಯಿಂದ ಬಾಯಿಗೆ ಸವೆದು ಕರಂಟ್ ಆಯಿತು. ಆಮೇಲೆ ಅದರಂತೆ ಕಾಣುವ ಪೊದೆಯ ಹಣ್ಣಿಗೂ ಇಂಗ್ಲಿಷರು ಅದೇ ಹೆಸರು ಕೊಟ್ಟರು. ಗೂಸ್‌ಬೆರಿಯದು ಇನ್ನೂ ದೊಡ್ಡ ರಗಳೆ. ಇಂಗ್ಲಿಷ್ ನಿಘಂಟು ತೆರೆದರೆ ನೆಲ್ಲಿಕಾಯಿ ಭಾರತದ ಗೂಸ್‌ಬೆರಿ, ಕಿರುನೆಲ್ಲಿ ನಕ್ಷತ್ರ ಗೂಸ್‌ಬೆರಿ, ತೆಳುಕಾಗದದಂಥ ಚೀಲದೊಳಗೆ ಕೂತ ಹಳದಿ ಹಣ್ಣು ಕೇಪ್ ಗೂಸ್‌ಬೆರಿ. ಈಗ ಕಿವಿ ಎಂದು ದುಬಾರಿ ಬೆಲೆಗೆ ಮಾರುವ ಹಣ್ಣು ಕೂಡ ಹಿಂದೆ ಚೀನಾದ ಗೂಸ್‌ಬೆರಿಯಾಗಿತ್ತು. ಹುಳಿಯಾಗಿ ಗುಂಡಗಿರುವ ಹಣ್ಣು ಕಂಡಲ್ಲೆಲ್ಲ ತಮ್ಮೂರಿನ ಹೆಸರು ಅಂಟಿಸುವುದು ಆ ಜನದ ಅಭ್ಯಾಸ. ಇವುಗಳಲ್ಲಿ ಯಾವುದಕ್ಕೂ ನಿಜವಾದ ಗೂಸ್‌ಬೆರಿಗೂ ರಕ್ತಸಂಬಂಧವಿಲ್ಲ.

ನಿಜವಾದ ಗೂಸ್‌ಬೆರಿ, ಕಪ್ಪು ಕರಂಟ್, ಕೆಂಪು ಕರಂಟ್, ಇವೆಲ್ಲ ರೈಬಿಸ್ ಎಂಬ ಒಂದೇ ಕುಲದವು. ಬಿಳಿ ಕರಂಟ್ ಎಂಬುದು ಬಣ್ಣ ಕಳೆದುಕೊಂಡ ಕೆಂಪು ಕರಂಟ್, ಅಷ್ಟೆ. ನಮ್ಮ ದೇಶದಲ್ಲಿ ಈ ಕುಲದ ಕಾಡುಗಿಡಗಳು ಹಿಮಾಲಯದಲ್ಲಿವೆ. ಲಡಾಖಿನ ಕಣಿವೆಗಳಲ್ಲಿ ರೈಬಿಸ್ ಓರಿಯೆಂಟೇಲ್ ಎಂಬ ಪೊದೆ ಬೆಳೆಯುತ್ತದೆ. ಕರ್ನಾಟಕದಲ್ಲಿ ಇವನ್ನು ಬೆಳೆಯುವ ಆಸೆ ಬೇಡ. ಕಪ್ಪು ಕರಂಟ್‌ಗೆ ಚಳಿಗಾಲವೆಂದರೆ ಬರೀ ಸ್ವೆಟರ್ ಹಾಕುವ ಚಳಿ ಸಾಲದು. ಏಳು ಡಿಗ್ರಿಗಿಂತ ಕೆಳಗಿನ ಚಳಿ ಸಾವಿರಕ್ಕೂ ಹೆಚ್ಚು ಗಂಟೆ ಬೀಳಬೇಕು. ಹಲವು ಹಳೆಯ ತಳಿಗಳಿಗೆ ಎರಡು ಸಾವಿರ ಗಂಟೆಯ ಸುತ್ತಮುತ್ತ ಬೇಕು. ಅಷ್ಟು ಚಳಿ ಉಣ್ಣದೆ ಅದರ ಮೊಗ್ಗು ಸರಿಯಾಗಿ ಒಡೆಯುವುದಿಲ್ಲ. ಮಡಿಕೇರಿಯ ಚಳಿಯೂ ಅದಕ್ಕೆ ಯಾತಕ್ಕೂ ಸಾಲದು.

ಚಳಿಯಿದ್ದ ಕಡೆ ಮಾತ್ರ ಇದರಷ್ಟು ಸುಲಭದ ಹಣ್ಣು ಇನ್ನೊಂದಿಲ್ಲ. ಎಲೆ ಉದುರಿದ ಮೇಲೆ ಪೆನ್ಸಿಲ್ ದಪ್ಪದ, ಗೇಣುದ್ದದ ಕಡ್ಡಿ ಕತ್ತರಿಸಿ ನೆಲಕ್ಕೆ ಚುಚ್ಚಿದರೆ ಮುಂದಿನ ವರ್ಷಕ್ಕೆ ಸಸಿ ತಯಾರು. ನಮ್ಮಲ್ಲಿ ದಾಸವಾಳದ ಕಡ್ಡಿ ಊರುವಷ್ಟೇ ಕೆಲಸ. ಆದರೆ ಸವರುವ ಕೆಲಸದಲ್ಲಿ ಮಾತ್ರ ಅಣ್ಣತಮ್ಮಂದಿರ ಸ್ವಭಾವ ಬೇರೆ ಬೇರೆ. ಕಪ್ಪು ಕರಂಟ್ ಕಳೆದ ವರ್ಷ ಬಂದ ಕೊಂಬೆಯಲ್ಲಿ ಚೆನ್ನಾಗಿ ಕಾಯಿ ಬಿಡುತ್ತದೆ. ಹಾಗಾಗಿ ಅದಕ್ಕೆ ಸದಾ ಹೊಸ ಕೊಂಬೆ ಬೇಕು. ಸಸಿಯನ್ನು ನರ್ಸರಿಯ ಮಣ್ಣಿನ ಗುರುತಿಗಿಂತ ಎರಡು ಅಂಗುಲ ಆಳಕ್ಕೆ ನೆಟ್ಟು, ನೆಲದ ಮೇಲೆ ಎರಡೇ ಕಣ್ಣು ಉಳಿಸಿ ಕತ್ತರಿಸಿಬಿಡುತ್ತಾರೆ. ಮೊದಲ ವರ್ಷ ಹಣ್ಣಿಲ್ಲ. ಹೊಸಬರಿಗೆ ಕೈ ಬಾರದು, ಅಯ್ಯೋ ಎನಿಸುತ್ತದೆ. ಆದರೆ ನೆಲದೊಳಗಿನಿಂದ ಎದ್ದು ಬರುವ ಚಿಗುರುಗಳೇ ಮುಂದೆ ಹತ್ತು ಹದಿನೈದು ವರ್ಷ ಗಿಡವನ್ನು ನಡೆಸುತ್ತವೆ. ಆಮೇಲೆ ಪ್ರತಿ ಚಳಿಗಾಲ ಹಳೆಯ ಕಪ್ಪು ಕೊಂಬೆಗಳಲ್ಲಿ ಮೂರರಲ್ಲೊಂದನ್ನು ಬುಡದಿಂದ ತೆಗೆಯಬೇಕು. ಕೆಂಪು ಕರಂಟ್ ಮತ್ತು ಗೂಸ್‌ಬೆರಿ ಹಾಗಲ್ಲ. ಅವು ಹಳೆಯ ಕೊಂಬೆಯ ಗಿಡ್ಡ ಗಿಣ್ಣುಗಳಲ್ಲೇ ವರ್ಷ ವರ್ಷ ಕಾಯಿ ಬಿಡುತ್ತವೆ. ಅವಕ್ಕೆ ಗೇಣುದ್ದದ ಒಂಟಿ ಕಾಂಡ, ಅದರ ಮೇಲೆ ಬಟ್ಟಲಿನಂತೆ ಬಾಯ್ತೆರೆದ ಕೊಂಬೆಗಳು. ನಡುವೆ ಗಾಳಿ ಆಡಬೇಕು, ಮುಳ್ಳಿನ ನಡುವೆ ಕೈಯೂ ಆಡಬೇಕು.

ಗಾಳಿಯ ಮಾತು ಸುಮ್ಮನೆ ಬಂದದ್ದಲ್ಲ. ಗೂಸ್‌ಬೆರಿಯ ದೊಡ್ಡ ಶತ್ರು ಬೂದಿರೋಗ. ಅದರ ಕಥೆಗೆ ಮೊದಲು ಇಂಗ್ಲೆಂಡಿನ ಗೂಸ್‌ಬೆರಿ ಹುಚ್ಚಿನ ಬಗ್ಗೆ ಎರಡು ಮಾತು ಹೇಳಬೇಕು.

ಹದಿನೆಂಟನೆಯ ಶತಮಾನದ ಕೊನೆಯ ಹೊತ್ತಿಗೆ ಲ್ಯಾಂಕಶೈರ್, ಚೆಷೈರ್ ಕಡೆಯ ನೇಕಾರರು ಮತ್ತು ಕೂಲಿಕಾರರು ಗೂಸ್‌ಬೆರಿ ಸಂಘ ಕಟ್ಟಿಕೊಂಡಿದ್ದರು. ಮಗ್ಗದ ಮನೆಯ ಹಿಂದೆ ನಾಲ್ಕು ಮಾರು ಜಾಗ. ಅಲ್ಲಿ ನಾಲ್ಕಾರು ಗಿಡ. ಯಾರ ಹಣ್ಣು ಹೆಚ್ಚು ತೂಗುತ್ತದೆ ಎಂಬುದೇ ಪಂದ್ಯ. ತೂಕಕ್ಕೆ ತರಕಾರಿ ತಕ್ಕಡಿ ಅಲ್ಲ, ಔಷಧಿ ಅಂಗಡಿಯ ತಕ್ಕಡಿ. ಗೆದ್ದವರಿಗೆ ತಾಮ್ರದ ಕೆಟಲ್ ಬಹುಮಾನ. ಗಿಡದಲ್ಲಿ ಮೂರೋ ನಾಲ್ಕೋ ಕಾಯಿ ಬಿಟ್ಟು ಉಳಿದದ್ದನ್ನೆಲ್ಲ ಕಿತ್ತುಹಾಕುವುದು, ಆರಿಸಿದ ಕಾಯಿಯ ಕೆಳಗೆ ನೀರಿನ ತಟ್ಟೆಯಿಟ್ಟು ಅದರ ತುದಿ ನೀರು ಮುಟ್ಟುವಂತೆ ಮಾಡುವುದು, ಇಂಥ ಗುಟ್ಟಿನ ವಿದ್ಯೆಗಳೂ ಇದ್ದವು. ನೀರಿನ ತಟ್ಟೆಯ ಉಪಾಯಕ್ಕೆ ಅವರಿಟ್ಟ ಹೆಸರು ‘ಮೊಲೆಯೂಡಿಸುವುದು’. 1845ರ ಒಂದೇ ವರ್ಷದಲ್ಲಿ ಇಂಥ 171 ಪ್ರದರ್ಶನಗಳು ನಡೆದವು.

ಈ ಲೆಕ್ಕ ಬರೆದಿಟ್ಟವರು ಬೇರೆ ಯಾರೂ ಅಲ್ಲ, ಚಾರ್ಲ್ಸ್ ಡಾರ್ವಿನ್. ಸಾಕುಪ್ರಾಣಿ ಮತ್ತು ಕೃಷಿಸಸ್ಯಗಳ ವೈವಿಧ್ಯದ ಕುರಿತು 1868ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಅವರು ಗೂಸ್‌ಬೆರಿಗೆ ಪುಟಗಳನ್ನೇ ಮೀಸಲಿಟ್ಟಿದ್ದಾರೆ. ಕಾಡು ಗೂಸ್‌ಬೆರಿಯ ತೂಕ ಸುಮಾರು ಎಂಟು ಗ್ರಾಂ. 1852ರಲ್ಲಿ ‘ಲಂಡನ್’ ಎಂಬ ತಳಿಯ ಹಣ್ಣು ಐವತ್ತೆಂಟು ಗ್ರಾಂ ತೂಗಿತು. ಏಳು ಪಟ್ಟು! ಯಾವ ವಿಜ್ಞಾನಿಯೂ ನಡುವೆ ಬಾರದೆ, ಓದು ಅಷ್ಟಕ್ಕಷ್ಟೇ ಆದ ನೇಕಾರರು ಆರಿಸಿ ಆರಿಸಿ ಮಾಡಿದ ಕೆಲಸ ಇದು. ಮನುಷ್ಯನ ಆಯ್ಕೆಗೆ ಎಂಥ ಬಲವಿದೆ ಎಂಬ ಡಾರ್ವಿನ್ನರ ವಾದಕ್ಕೆ ಇದಕ್ಕಿಂತ ಅಗ್ಗದ, ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೆ? ಯಾರ್ಕ್‌ಶೈರ್‌ನ ಎಗ್ಟನ್ ಬ್ರಿಜ್ ಎಂಬ ಹಳ್ಳಿಯಲ್ಲಿ 1800ರಲ್ಲಿ ಶುರುವಾದ ಪ್ರದರ್ಶನ ಇಂದಿಗೂ ಉಳಿದುಕೊಂಡಿದೆ. ಅಲ್ಲಿ 2019ರಲ್ಲಿ ಒಂದು ಹಣ್ಣು 64.83 ಗ್ರಾಂ ತೂಗಿ ವಿಶ್ವದಾಖಲೆ ಮಾಡಿತು. ಎಂದರೆ 1852ರ ನಂತರದ ನೂರ ಅರವತ್ತೇಳು ವರ್ಷಗಳ ಗಳಿಕೆ ಏಳು ಗ್ರಾಂ ಕೂಡ ಇಲ್ಲ. ನೇಕಾರರು ಆ ಹಣ್ಣನ್ನು ಅದರ ಎಲ್ಲೆಯ ಹತ್ತಿರಕ್ಕೇ ಕೊಂಡೊಯ್ದಿದ್ದರು ಎನ್ನಬೇಕು.

ಇತ್ತ ಇಂಗ್ಲೆಂಡಿನಿಂದ ಅಮೆರಿಕಕ್ಕೆ ಹೋದ ವಲಸಿಗರು ಈ ಪ್ರೀತಿಯ ಗಿಡವನ್ನು ಜೊತೆಗೇ ಒಯ್ದರು. ಅಲ್ಲಿ ಅದು ಬದುಕಲಿಲ್ಲ. ಎಳೆಯ ಕುಡಿಯ ಮೇಲೆ ಹಿಟ್ಟು ಚೆಲ್ಲಿದಂತೆ ಬಿಳಿ ಪುಡಿ ಕಾಣುತ್ತದೆ, ಕುಡಿ ಮುರುಟುತ್ತದೆ, ಪುಡಿ ಕಾಯಿಯ ಮೇಲೆ ಹಬ್ಬಿ ಕಂದು ಕಂಬಳಿಯಂತೆ ದಪ್ಪಗಾಗುತ್ತದೆ. ಉಜ್ಜಿದರೆ ಏಳುತ್ತದೆ, ಆದರೆ ಅಂಥ ಕಾಯಿಯನ್ನು ಯಾರು ಕೊಳ್ಳುತ್ತಾರೆ? ಅದು ಅಮೆರಿಕದ ಕಾಡು ಗೂಸ್‌ಬೆರಿಗಳ ಜೊತೆ ತಲೆತಲಾಂತರದಿಂದ ಬಾಳಿ ಬಂದ ಶಿಲೀಂಧ್ರ. ಅಲ್ಲಿನ ಗಿಡಗಳಿಗೆ ಅದು ನೆಗಡಿ. ಇಂಗ್ಲೆಂಡಿನಿಂದ ಬಂದ ಗಿಡಕ್ಕೆ ಅದೇ ಮಹಾಮಾರಿ. ‘ಮೋರ್ಸ್ ಯೂವೇ’, ಅಂದರೆ ದ್ರಾಕ್ಷಿಯ ಸಾವು ಎಂದು ಅದಕ್ಕೆ ಸಸ್ಯಶಾಸ್ತ್ರಜ್ಞರು ಹೆಸರಿಟ್ಟರು. ಕೊನೆಗೆ ಅಮೆರಿಕದವರು ಊರಿನ ಕಾಡುಗಿಡಕ್ಕೂ ಯುರೋಪಿನ ಗಿಡಕ್ಕೂ ಸಂಕರ ಮಾಡಿ, ಹಣ್ಣು ಚಿಕ್ಕದಾದರೂ ಚಿಂತೆಯಿಲ್ಲ ಎಂದು ಹೊಸ ತಳಿಗಳನ್ನು ಬೆಳೆದುಕೊಂಡರು.

ರೋಗ ಅಲ್ಲಿಗೇ ನಿಲ್ಲಲಿಲ್ಲ. 1900ರಲ್ಲಿ ಐರ್ಲೆಂಡಿನ ಆಂಟ್ರಿಮ್ ಪ್ರಾಂತದ ಒಂದು ತೋಟದಲ್ಲಿ ಅದು ಕಾಣಿಸಿಕೊಂಡಿತು. ಆರೇಳು ವರ್ಷಗಳಲ್ಲಿ ಇಂಗ್ಲೆಂಡಿಗೂ ಬಂತು. ಗಿಡಗಳನ್ನು ಕಿತ್ತು ಸುಡಲಾಯಿತು. ಹೊರಗಿನಿಂದ ಬರುವ ಸಸಿಗಳ ಮೇಲೆ ನಿರ್ಬಂಧ ಹೇರಲಾಯಿತು. ನೇಕಾರರ ಮೊಮ್ಮಕ್ಕಳ ಕಾಲಕ್ಕೆ ಗೂಸ್‌ಬೆರಿ ಸಂಘಗಳು ಒಂದೊಂದಾಗಿ ಕಣ್ಮುಚ್ಚಿದ್ದಕ್ಕೆ ಈ ರೋಗವೊಂದೇ ಕಾರಣವಲ್ಲ, ಮಗ್ಗಗಳೇ ಹೋಗಿದ್ದವು. ಆದರೆ ಇದೂ ಒಂದು ಕಾರಣ ಹೌದು. ದ್ರಾಕ್ಷಿಯ ಬೂದಿರೋಗವೂ ಇದೇ ಬಗೆಯಲ್ಲಿ ಅಮೆರಿಕದಿಂದಲೇ 1845ರಲ್ಲಿ ಇಂಗ್ಲೆಂಡಿಗೆ ಬಂದು, ಅಲ್ಲಿಂದ ಲೋಕವೆಲ್ಲ ತಿರುಗಿತು. ವಿಜಯಪುರದ ದ್ರಾಕ್ಷಿ ಬೆಳೆಗಾರರಿಗೆ ಅದರ ಪರಿಚಯ ಬೇರೆ ಮಾಡಿಕೊಡಬೇಕಿಲ್ಲ.

ಬೂದಿರೋಗಕ್ಕೆ ಗಂಧಕ ಮದ್ದು ಎಂಬುದು ಅವರಿಗೂ ಗೊತ್ತು. ಗೂಸ್‌ಬೆರಿಯಲ್ಲಿ ಒಂದು ತೊಡಕಿದೆ: ಕೆಲವು ತಳಿಗಳಿಗೆ ಗಂಧಕವೇ ಆಗದು. ‘ಲೆವೆಲ್ಲರ್’ ಎಂಬ ಹೆಸರಾಂತ ತಳಿಗೆ ಗಂಧಕ ಸಿಂಪಡಿಸಿದರೆ ರೋಗಕ್ಕಿಂತ ಮೊದಲು ಎಲೆಯೇ ಉದುರುತ್ತದೆ. ಆದ್ದರಿಂದ ಮದ್ದಿಗಿಂತ ಪಥ್ಯ ಮೇಲು. ಸಾರಜನಕದ ಗೊಬ್ಬರ ಹೆಚ್ಚು ಕೊಟ್ಟರೆ ಕುಡಿ ಮೆತ್ತಗೆ ಕೊಬ್ಬುತ್ತದೆ, ಬೂದಿಗೆ ಅದೇ ಹಬ್ಬದೂಟ. ಬೇಸಿಗೆಯಲ್ಲಿ ನೀರು ತಪ್ಪಿ ಬೇರು ಒಣಗಿದ ಗಿಡಕ್ಕೂ ಬೇಗ ಅಂಟುತ್ತದೆ. ಶಿಲೀಂಧ್ರ ಚಳಿಗಾಲ ಕಳೆಯುವುದು ಕುಡಿಯ ತುದಿಯಲ್ಲಿ. ಹಾಗಾಗಿ ರೋಗ ಬಿದ್ದ ತುದಿಗಳನ್ನು ಕತ್ತರಿಸಿ ಸುಡುವುದು, ನಡುವೆ ಗಾಳಿ ಬಿಡುವುದು, ಇವೆರಡರಲ್ಲೇ ಅರ್ಧ ಕೆಲಸ ಮುಗಿಯುತ್ತದೆ. ಹೊಸದಾಗಿ ನೆಡುವವರಿಗೆ ಇಂಗ್ಲೆಂಡಿನ ಈಸ್ಟ್ ಮಾಲಿಂಗ್ ಸಂಶೋಧನಾ ಕೇಂದ್ರದ ‘ಇನ್ವಿಕ್ಟಾ’, ಫಿನ್ಲೆಂಡಿನ ‘ಹಿನ್ನೊನ್‌ಮಾಕಿ’ಯಂಥ ರೋಗ ತಡೆಯುವ ತಳಿಗಳಿವೆ.

ಎಲೆ ಕೊರೆಯುವ ಹುಳದ ಮಾತನ್ನೂ ಇಲ್ಲೇ ಮುಗಿಸಬಹುದು. ಗರಗಸದ ನೊಣ ಎಂಬ ಕೀಟದ ಮರಿಗಳು ಗೂಸ್‌ಬೆರಿ ಪೊದೆಯ ನಡುವಿನ ಕೆಳಗಿನ ಎಲೆಯಿಂದ ತಿನ್ನಲು ಶುರುಮಾಡುತ್ತವೆ. ಹೊರಗಿನಿಂದ ನೋಡುವವನಿಗೆ ಗಿಡ ಹಸಿರಾಗೇ ಇರುತ್ತದೆ. ಕಣ್ಣಿಗೆ ಬೀಳುವ ಹೊತ್ತಿಗೆ ಬರೀ ನರಗಳು ಉಳಿದಿರುತ್ತವೆ. ಏಪ್ರಿಲ್ ಕೊನೆಯಿಂದ ಒಳಗಿನ ಎಲೆ ಮಗುಚಿ ನೋಡಿ ಕೈಯಿಂದ ಹಿಸುಕುವುದೇ ದೊಡ್ಡ ಮದ್ದು. ಕೆಂಪು ಕರಂಟ್ ಎಲೆಯ ಮೇಲೆ ಏಳುವ ಕೆಂಪು ಗುಳ್ಳೆಗಳನ್ನು ಕಂಡು ಗಾಬರಿಯಾಗುವವರು ಬಹಳ. ಅದು ಒಂದು ಗಿಡಹೇನಿನ ಕೆಲಸ. ಬೇಸಿಗೆಯಲ್ಲಿ ಹೇನು ತಾನಾಗಿ ಬೇರೆ ಗಿಡಕ್ಕೆ ಹಾರಿಹೋಗುತ್ತದೆ. ಫಸಲಿಗೆ ಹೇಳಿಕೊಳ್ಳುವ ನಷ್ಟವಿಲ್ಲ.

ಈಗ ಪೈನ್ ಮರದ ಸಂಗತಿ. ಅಮೆರಿಕದ ಪೂರ್ವ ಕರಾವಳಿಯ ಬಿಳಿ ಪೈನ್ ಮರಗಳು ನೂರೈವತ್ತು ಅಡಿ ನೆಟ್ಟಗೆ ಬೆಳೆಯುವಂಥವು. ಬ್ರಿಟಿಷ್ ನೌಕಾಪಡೆಯ ಹಡಗುಗಳಿಗೆ ಕೂವೆಮರ ಅವೇ. ದಪ್ಪ ಮರಗಳನ್ನೆಲ್ಲ ರಾಜನ ಸ್ವತ್ತೆಂದು 1691ರಲ್ಲೇ ಬರೆದುಕೊಂಡು ಬಾಣದ ಗುರುತು ಕೊಚ್ಚುತ್ತಿದ್ದರು. ತಮ್ಮ ಜಮೀನಿನ ಮರ ತಾವು ಕಡಿಯಬಾರದೆಂದರೆ ಯಾರು ಕೇಳುತ್ತಾರೆ? ನಮ್ಮ ಶ್ರೀಗಂಧದ ಹಳೆಯ ಕಾನೂನಿನ ನೆನಪಾದರೆ ಆಶ್ಚರ್ಯವಿಲ್ಲ. 1772ರಲ್ಲಿ ನ್ಯೂ ಹ್ಯಾಂಪ್‌ಶೈರ್‌ನ ವೇರ್ ಎಂಬ ಊರಿನ ಜನ ಇದೇ ಕಾರಣಕ್ಕೆ ರಾಜನ ಅಧಿಕಾರಿಯನ್ನು ಥಳಿಸಿ ಓಡಿಸಿದ್ದರು. ಸ್ವಾತಂತ್ರ್ಯ ಬಂದ ಮೇಲೆ ರಾಜನ ಬದಲು ಜನರೇ ಕಡಿದರು. ಹತ್ತೊಂಬತ್ತನೆಯ ಶತಮಾನ ಮುಗಿಯುವಾಗ ದೊಡ್ಡ ಮರಗಳು ಬಹುಪಾಲು ಮುಗಿದಿದ್ದವು. ಮತ್ತೆ ನೆಡೋಣವೆಂದರೆ ಅಷ್ಟು ಸಸಿ ಊರಿನಲ್ಲಿಲ್ಲ. ಯುರೋಪಿನವರು ಈ ಅಮೆರಿಕದ ಮರವನ್ನು ಹಿಂದೆಯೇ ಒಯ್ದು ಬೆಳೆಸುತ್ತಿದ್ದರು. ಜರ್ಮನಿಯ ನರ್ಸರಿಗಳಲ್ಲಿ ಸಸಿ ಅಗ್ಗ. ಹಡಗುಗಟ್ಟಲೆ ಸಸಿ ತರಿಸಿದರು. ತಮ್ಮದೇ ಮರ, ತವರಿಗೆ ಮರಳಿದ ಮಗಳ ಹಾಗೆ ಬಂತು. ಬರುವಾಗ ತುಕ್ಕುರೋಗವನ್ನೂ ತಂದಿತು.

ಈ ರೋಗದ ಮೂಲ ಏಷ್ಯಾ. ಕ್ರೊನಾರ್ಷಿಯಂ ರಿಬಿಕೋಲ ಎಂಬ ಶಿಲೀಂಧ್ರ. 1906ರಲ್ಲಿ ನ್ಯೂಯಾರ್ಕ್ ರಾಜ್ಯದ ಜಿನೀವಾದಲ್ಲಿ ಅದನ್ನು ಕರಂಟ್ ಗಿಡದ ಮೇಲೆ ಗುರುತಿಸಿದರು. 1910ರಲ್ಲಿ ಫ್ರಾನ್ಸಿನ ಸಸಿಗಳ ಜೊತೆ ಪಶ್ಚಿಮದ ವ್ಯಾಂಕೂವರ್‌ಗೂ ಇಳಿಯಿತು. ಅಲ್ಲಿಗೆ ಖಂಡದ ಎರಡೂ ಬಾಗಿಲು ತೆರೆದಂತಾಯಿತು. ಹೊರದೇಶದ ಗಿಡಗಳನ್ನು ತಡೆಯುವ ಅಮೆರಿಕದ ಮೊದಲ ದೊಡ್ಡ ಕಾನೂನು 1912ರಲ್ಲಿ ಬರಲು ಈ ರೋಗದ ಭಯವೂ ಒಂದು ಕಾರಣ. ಕುದುರೆ ಓಡಿದ ಮೇಲೆ ಲಾಯಕ್ಕೆ ಬೀಗ!

ತುಕ್ಕುರೋಗ ಎಂದರೆ ಕೊಡಗು, ಚಿಕ್ಕಮಗಳೂರಿನವರಿಗೆ ಕಾಫಿ ಎಲೆಯ ಹಿಂದಿನ ಕಿತ್ತಳೆ ಪುಡಿ ನೆನಪಾಗುತ್ತದೆ. ಕಾಫಿಯ ತುಕ್ಕು ಎಲೆಯಿಂದ ಎಲೆಗೆ, ಗಿಡದಿಂದ ಗಿಡಕ್ಕೆ ನೇರವಾಗಿ ಹಬ್ಬುತ್ತದೆ. ಪೈನ್ ತುಕ್ಕಿನದು ಹಾಗಲ್ಲ, ಅದಕ್ಕೆ ಎರಡು ಮನೆ. ಪೈನ್‌ನಿಂದ ಪೈನ್‌ಗೆ ಅದು ಹೋಗಲಾರದು. ನಡುವೆ ರೈಬಿಸ್ ಗಿಡದ ಎಲೆಯಲ್ಲಿ ಒಂದು ಬೇಸಿಗೆ ಕಳೆಯಲೇಬೇಕು. ವಸಂತದಲ್ಲಿ ಪೈನ್ ತೊಗಟೆಯ ಮೇಲೆ ಕಿತ್ತಳೆ ಬಣ್ಣದ ಗುಳ್ಳೆಗಳೆದ್ದು ಒಡೆಯುತ್ತವೆ. ಅದರ ಬೀಜಕಗಳು ಗಟ್ಟಿ ಜೀವ. ಗಾಳಿಯಲ್ಲಿ ನೂರಾರು ಮೈಲಿ ಹೋಗಿ ಕರಂಟ್ ಎಲೆಯ ಮೇಲೆ ಕೂರಬಲ್ಲವು. ಅಲ್ಲಿ ಬೇಸಿಗೆಯಿಡೀ ಹೆಚ್ಚುತ್ತವೆ. ಮಳೆ ಚಳಿ ಶುರುವಾದಾಗ ಅದೇ ಎಲೆಯಿಂದ ಬೇರೊಂದು ಬಗೆಯ ಬೀಜಕ ಹೊರಟು ಪೈನ್‌ನ ಸೂಜಿಎಲೆಗೆ ಇಳಿಯುತ್ತದೆ. ಇದು ಮಾತ್ರ ಬಲು ಸೂಕ್ಷ್ಮ. ಬಿಸಿಲು ಕಂಡರೆ, ಒಣಗಾಳಿ ತಾಗಿದರೆ ಸತ್ತಿತು. ಸಾಮಾನ್ಯವಾಗಿ ಮುನ್ನೂರು ಮೀಟರ್ ದಾಟುವುದೂ ಕಷ್ಟ. ಪೈನ್ ಒಳಗೆ ಸೇರಿಕೊಂಡ ರೋಗ ಸೂಜಿಎಲೆಯಿಂದ ಕೊಂಬೆಗೆ, ಕೊಂಬೆಯಿಂದ ಕಾಂಡಕ್ಕೆ ವರ್ಷಗಟ್ಟಲೆ ನಿಧಾನವಾಗಿ ಇಳಿದು, ಕೊನೆಗೆ ತೊಗಟೆಯನ್ನು ಸುತ್ತುವರಿದು ಮರದ ಕುತ್ತಿಗೆ ಹಿಸುಕುತ್ತದೆ. ಕರಂಟ್ ಗಿಡಕ್ಕೆ ಆಗುವ ನಷ್ಟವೆಂದರೆ ಎಲೆ ಸ್ವಲ್ಪ ಬೇಗ ಉದುರುವುದು.

ಆ ಮುನ್ನೂರು ಮೀಟರ್‌ನಲ್ಲೇ ಅಧಿಕಾರಿಗಳಿಗೆ ದಾರಿ ಕಂಡದ್ದು. ಸರಪಳಿಯ ಬಡಕಲು ಕೊಂಡಿ ಇದು, ಇಲ್ಲೇ ಕತ್ತರಿಸೋಣ. ಪೈನ್ ಸುತ್ತಮುತ್ತ ರೈಬಿಸ್ ಇಲ್ಲವಾದರೆ ರೋಗ ತಾನಾಗಿ ನಿಲ್ಲುತ್ತದೆ. ಲೆಕ್ಕ ತಪ್ಪಿರಲಿಲ್ಲ. ಕಪ್ಪು ಕರಂಟ್ ಈ ರೋಗಕ್ಕೆ ಎಲ್ಲಕ್ಕಿಂತ ಹೆಚ್ಚು ಒಲಿದು ಆಶ್ರಯ ಕೊಡುತ್ತದೆ ಎಂಬುದೂ ಸುಳ್ಳಲ್ಲ. ಅದನ್ನು ಬೆಳೆಯುವುದೇ, ಸಾಗಿಸುವುದೇ ಅಪರಾಧವಾಯಿತು. ದಳದ ಹುಡುಗರು ಬೆಟ್ಟ ಹತ್ತಿದರು.

ಪೂರ್ವದ ರಾಜ್ಯಗಳಲ್ಲಿ ಒಂದು ಮಟ್ಟಿಗೆ ಫಲ ಕಂಡಿತು. ಅಲ್ಲಿ ನೆಲ ಅಷ್ಟು ದುರ್ಗಮವಲ್ಲ, ಪೊದೆಗಳೂ ಕಡಿಮೆ. ಪಶ್ಚಿಮದ ಪರ್ವತಗಳಲ್ಲಿ ಸೋಲು. ಒಂದು ಕಿತ್ತರೆ ಬೇರಿನ ತುಂಡಿನಿಂದ ಇನ್ನೊಂದು ಏಳುತ್ತಿತ್ತು. ಮಣ್ಣಿನಲ್ಲಿ ದಶಕಗಳ ಕಾಲ ಮಲಗಿದ್ದ ಬೀಜ, ನೆಲ ಕೆದಕಿದ ಕೂಡಲೇ ಮೊಳೆಯುತ್ತಿತ್ತು. ಕೀಳುವ ಕೆಲಸವೇ ಬಿತ್ತುವ ಕೆಲಸವೂ ಆಯಿತು ಎನ್ನಿ. ಐವತ್ತರ ದಶಕದಲ್ಲಿ ವಿಮಾನದಿಂದ ಪೈನ್‌ಗಳಿಗೆ ಪ್ರತಿಜೀವಕ ಔಷಧಿ ಸುರಿದು ನೋಡಿದರು, ಅದೂ ಉಪಯೋಗಕ್ಕೆ ಬರಲಿಲ್ಲ. 1966ರಲ್ಲಿ ಕೇಂದ್ರ ಸರಕಾರ ನಿಷೇಧ ಕೈಬಿಟ್ಟು, ಬೇಕಾದರೆ ರಾಜ್ಯಗಳು ನೋಡಿಕೊಳ್ಳಲಿ ಎಂದಿತು. ಇನ್ನೂ ಒಂದು ತಮಾಷೆ ಬಾಕಿಯಿತ್ತು: ರೈಬಿಸ್ ಅಲ್ಲದ ಬೇರೆ ಎರಡು ಕುಲದ ಕಾಡು ಹೂಗಿಡಗಳಲ್ಲೂ ಈ ತುಕ್ಕು ಮನೆ ಮಾಡಬಲ್ಲದೆಂದು 2006ರಲ್ಲಿ ಅಮೆರಿಕದಲ್ಲೇ ಗೊತ್ತಾಯಿತು. ಕಿತ್ತ ಪೊದೆಗಳ ಪಕ್ಕದಲ್ಲೇ ಅವು ಹೂ ಬಿಟ್ಟುಕೊಂಡು ನಿಂತಿದ್ದವು.

ಪಶ್ಚಿಮದ ಎತ್ತರದ ಬೆಟ್ಟಗಳಲ್ಲಿ ಬಿಳಿತೊಗಟೆ ಪೈನ್ ಎಂಬ ಮರವಿದೆ. ಕ್ಲಾರ್ಕ್‌ನ ಕಾಯಿಕುಟುಕ ಎಂಬ ಹಕ್ಕಿ ಅದರ ಬೀಜವನ್ನು ಮಣ್ಣಿನಲ್ಲಿ ಹೂತಿಟ್ಟು, ಮರೆತದ್ದರಿಂದ ಕಾಡು ಬೆಳೆಯುತ್ತದೆ. ಅಳಿಲು ಕೂಡಿಟ್ಟ ಬೀಜವನ್ನು ಕರಡಿ ದೋಚಿ ಚಳಿಗಾಲಕ್ಕೆ ಕೊಬ್ಬು ತುಂಬಿಕೊಳ್ಳುತ್ತದೆ. ತುಕ್ಕುರೋಗದ ಹೊಡೆತಕ್ಕೆ ಸಿಕ್ಕು, 2022ರ ಡಿಸೆಂಬರಿನಲ್ಲಿ ಅಮೆರಿಕ ಸರಕಾರ ಈ ಮರವನ್ನು ಅಪಾಯದಂಚಿನ ಜೀವಿಗಳ ಪಟ್ಟಿಗೆ ಸೇರಿಸಬೇಕಾಯಿತು. ಹಾಗಾಗಿ ಪೊದೆ ಕೀಳಿಸಿದವರನ್ನು ಮೂರ್ಖರೆಂದು ನಗುವುದು ಸುಲಭ, ನ್ಯಾಯವಲ್ಲ. ಅವರು ಹೆದರಿದ್ದು ನಿಜವಾದ ಭೂತಕ್ಕೇ.

ಅಮೆರಿಕದ ಮಕ್ಕಳು ಹೀಗೆ ಕಪ್ಪು ಕರಂಟಿನ ರುಚಿಯನ್ನೇ ಮರೆಯುತ್ತಿದ್ದ ಕಾಲಕ್ಕೆ ಬ್ರಿಟನ್ನಿನ ಮಕ್ಕಳು ಅದನ್ನು ಕುಡಿದು ಬೆಳೆಯುತ್ತಿದ್ದರು. ಎರಡನೆಯ ಮಹಾಯುದ್ಧದಲ್ಲಿ ಜರ್ಮನಿಯ ಜಲಾಂತರ್ಗಾಮಿಗಳ ಕಾಟಕ್ಕೆ ಕಿತ್ತಳೆಯ ಹಡಗುಗಳು ಬರದಾದವು. ಕಪ್ಪು ಕರಂಟಿನಲ್ಲಿ ಸಿ ಜೀವಸತ್ವ ಕಿತ್ತಳೆಯ ಮೂರು ಪಟ್ಟಿಗೂ ಹೆಚ್ಚು. ಬ್ರಿಸ್ಟಲ್‌ನ ಕಂಪನಿಯೊಂದು 1938ರಲ್ಲಿ ರಿಬೀನ ಎಂಬ ಹೆಸರಿನಲ್ಲಿ ಮಾರಲು ತೊಡಗಿದ್ದ ಷರಬತ್ತನ್ನು ಸರಕಾರ ಮಕ್ಕಳಿಗೆ ಪುಕ್ಕಟೆ ಹಂಚಿತು. ಬ್ರಿಟನ್ನಿನ ಕಪ್ಪು ಕರಂಟ್ ಬೆಳೆಯ ಬಹುಪಾಲು ಇಂದಿಗೂ ಆ ಸೀಸೆಗೇ ಹೋಗುತ್ತದೆ. ಒಬ್ಬನೇ ಗಿರಾಕಿಯನ್ನು ನಂಬಿದ ಬೆಳೆ. ಕಬ್ಬು ಬೆಳೆಯುವವರಿಗೆ ಅದರ ಸುಖದುಃಖ ಗೊತ್ತು.

ಅಲ್ಲಿನ ತೋಟಗಾರನನ್ನು ಕಾಡಿದ್ದು ತುಕ್ಕೂ ಅಲ್ಲ, ಬೂದಿಯೂ ಅಲ್ಲ, ಕಣ್ಣಿಗೆ ಕಾಣದ ಒಂದು ನುಸಿ. ಮೊಗ್ಗಿನೊಳಗೆ ಸಾವಿರಗಟ್ಟಲೆ ಸೇರಿ, ಚಳಿಗಾಲದಲ್ಲಿ ಮೊಗ್ಗು ಉಬ್ಬಿ ಪುಟಾಣಿ ಎಲೆಕೋಸಿನಂತಾಗುತ್ತದೆ. ಉಬ್ಬಿದ ಮೊಗ್ಗು ಒಡೆಯದೆ ಒಣಗುತ್ತದೆ. ಅದಾದರೂ ಕೈಯಿಂದ ಕಿತ್ತು ಸುಡಬಹುದು. ಕೆಟ್ಟದ್ದೆಂದರೆ ಆ ನುಸಿ ಹೊತ್ತು ತರುವ ವೈರಸ್. ಬಂಜೆತನದ ಈ ರೋಗಕ್ಕೆ ಇಂಗ್ಲಿಷಿನಲ್ಲಿ ರಿವರ್ಷನ್ ಎನ್ನುತ್ತಾರೆ. ಗಿಡ ಸೊಂಪಾಗಿಯೇ ಇರುತ್ತದೆ, ಎಲೆಯ ಹಲ್ಲು ಮತ್ತು ನರ ಸ್ವಲ್ಪ ಕಡಿಮೆ, ಹೂವಿನ ರೋಮ ಮಾಯ. ವರ್ಷ ಕಳೆದಂತೆ ಕಾಯಿ ನಿಂತುಹೋಗುತ್ತದೆ. ಮದ್ದಿಲ್ಲ. ಕಿತ್ತು ಸುಟ್ಟು, ಬೇರೆ ಜಾಗದಲ್ಲಿ ಪ್ರಮಾಣಿತ ಸಸಿ ನೆಡಬೇಕು. ನೆರೆಯವನ ಹಳೆಯ ಗಿಡದಿಂದ ಪ್ರೀತಿಗೆ ಕಡ್ಡಿ ತಂದು ಊರುವುದು ಇಲ್ಲಿ ರೋಗವನ್ನೇ ಬಳುವಳಿ ತಂದಂತೆ.

ನುಸಿ ಕೊಲ್ಲಲು ಬ್ರಿಟನ್ನಿನ ಬೆಳೆಗಾರರು ಬಹುಕಾಲ ನಂಬಿದ್ದ ಮದ್ದುಗಳಲ್ಲಿ ಒಂದರ ಹೆಸರು ಕೇಳಿದರೆ ದಕ್ಷಿಣ ಕನ್ನಡದವರ ಮೈ ಜುಮ್ಮೆನ್ನುತ್ತದೆ: ಎಂಡೋಸಲ್ಫಾನ್. ಯುರೋಪ್ ಒಕ್ಕೂಟ ಅದಕ್ಕೆ ಅನುಮತಿ ನಿರಾಕರಿಸಿದ್ದು 2005ರ ಕೊನೆಗೆ. ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿದ ಅದೇ ವಿಷದ ಪರಿಣಾಮವನ್ನು ಕಾಸರಗೋಡು, ಪುತ್ತೂರು, ಬೆಳ್ತಂಗಡಿ ಕಡೆಯ ಮನೆಗಳು ಇಂದಿಗೂ ಉಣ್ಣುತ್ತಿವೆ. ಸುಪ್ರೀಂ ಕೋರ್ಟ್ ಅದನ್ನು ದೇಶದಲ್ಲಿ ತಡೆದದ್ದು 2011ರ ಮೇ ತಿಂಗಳಲ್ಲಿ.

ಮದ್ದು ಹೋದ ಮೇಲೆ ತಳಿಯೇ ಗತಿ. ಸ್ಕಾಟ್ಲೆಂಡಿನ ಇನ್ವರ್‌ಗೌರಿಯ ಸಂಶೋಧನಾ ಸಂಸ್ಥೆ ಅಲ್ಲಿನ ಬೆಟ್ಟಗಳ ಹೆಸರಿಟ್ಟು ‘ಬೆನ್’ ಸರಣಿಯ ಕಪ್ಪು ಕರಂಟ್‌ಗಳನ್ನು ತಂದಿದೆ. ಅವುಗಳಲ್ಲಿ ‘ಬೆನ್ ಹೋಪ್’ ನುಸಿಯನ್ನು ತಡೆಯುತ್ತದೆ, ‘ಬೆನ್ ಗೇರ್ನ್’ ಬಂಜೆರೋಗದ ವೈರಸ್ಸನ್ನು. ನುಸಿ ತಡೆಯುವ ಗುಣ ಎಲ್ಲಿಂದ ಸಿಕ್ಕಿತೆಂದರೆ, ಗೂಸ್‌ಬೆರಿಯಿಂದ. ದಾಯಾದಿಯೇ ಕೊನೆಗೆ ಕೈಹಿಡಿದ. ಈಗ ಅಲ್ಲಿ ತಳಿ ತಜ್ಞರ ತಲೆಬಿಸಿ ಬೇರೆ: ಚಳಿಗಾಲವೇ ಬೆಚ್ಚಗಾಗುತ್ತಿದೆ. ಚಳಿ ಸಾಲದೆ ಮೊಗ್ಗು ಒಂದು ಇಂದು, ಒಂದು ಹದಿನೈದು ದಿನ ಬಿಟ್ಟು ಒಡೆದರೆ ಯಂತ್ರದಲ್ಲಿ ಕೊಯ್ಯುವುದು ಹೇಗೆ? ಕಡಿಮೆ ಚಳಿ ಸಾಕೆನ್ನುವ ತಳಿಗಳ ಹುಡುಕಾಟ ನಡೆದಿದೆ.

ತುಕ್ಕಿನ ವಿಷಯದಲ್ಲೂ ತಳಿಯನ್ನೇ ನಂಬಿದ್ದರು. ಪೂರ್ವ ಏಷ್ಯಾದ ಕಾಡು ಕರಂಟ್ ಒಂದರಿಂದ ಪಡೆದ ಒಂದೇ ಒಂದು ಜೀನ್ ತುಕ್ಕನ್ನು ಪೂರ್ತಿ ತಡೆಯುತ್ತಿತ್ತು. ಕೆನಡಾದವರು ಅದನ್ನು ಸೇರಿಸಿ ‘ಕನ್ಸಾರ್ಟ್’ ಮೊದಲಾದ ತಳಿ ಮಾಡಿದರು, ಸ್ವೀಡನ್ನಿನಿಂದ ‘ಟೈಟಾನಿಯ’ ಬಂತು. ಇವುಗಳ ಭರವಸೆಯ ಮೇಲೆಯೇ 2003ರಲ್ಲಿ ನ್ಯೂಯಾರ್ಕ್ ಕರಂಟ್ ಬೆಳೆಯಲು ಮತ್ತೆ ಅವಕಾಶ ಕೊಟ್ಟಿತು. ಎಂಟೇ ವರ್ಷ. 2011ರಲ್ಲಿ ನೆರೆಯ ಕನೆಕ್ಟಿಕಟ್‌ನ ಒಂದು ತೋಟದಲ್ಲಿ ಟೈಟಾನಿಯದ ಎಲೆಗಳ ಅಡಿಯಲ್ಲೇ ಕಿತ್ತಳೆ ಪುಡಿ ಕಂಡಿತು. ಶಿಲೀಂಧ್ರ ಆ ಒಂದು ಬೀಗಕ್ಕೆ ಕೀಲಿ ಮಾಡಿಕೊಂಡಿತ್ತು. ಕೆಂಟ್ಸ್ ಕಾಫಿಯನ್ನು ನಂಬಿ ಕೆಲವು ವರ್ಷ ನೆಮ್ಮದಿಯಾಗಿದ್ದು, ಆಮೇಲೆ ಅದಕ್ಕೂ ತುಕ್ಕು ಹತ್ತಿದ್ದನ್ನು ಕಂಡ ಮಲೆನಾಡಿನ ಹಳಬರು ಇದ್ದಿದ್ದರೆ, ಇದು ಹೊಸ ಸುದ್ದಿಯಲ್ಲ ಎನ್ನುತ್ತಿದ್ದರು.

ಅಮೆರಿಕದಲ್ಲಿ ಮನೆ ಮಾಡಿ, ಹಿತ್ತಲಲ್ಲಿ ಮೆಂತ್ಯ ಬದನೆಯ ಜೊತೆ ಎರಡು ಕರಂಟ್ ಗಿಡವೂ ಇರಲಿ ಎಂದುಕೊಳ್ಳುವ ಕನ್ನಡಿಗರು ಸಸಿಗೆ ದುಡ್ಡು ಕಟ್ಟುವ ಮೊದಲು ತಮ್ಮ ರಾಜ್ಯದ ಕೃಷಿ ಇಲಾಖೆಯನ್ನು ಒಮ್ಮೆ ಕೇಳುವುದು ಒಳ್ಳೆಯದು. ಮೇಯ್ನ್‌ನಲ್ಲಿ ಕಪ್ಪು ಕರಂಟ್ ಕೂಡದು. ಮ್ಯಾಸಚೂಸೆಟ್ಸ್‌ನಲ್ಲಿ ನಿಯಮ ಊರಿನಿಂದ ಊರಿಗೆ ಬದಲು. ಒಂದೂರಲ್ಲಿ ಪರವಾನಗಿ ಪಡೆದು ನೆಡಬಹುದಾದ ಗಿಡ ಪಕ್ಕದೂರಲ್ಲಿ ನಿಷಿದ್ಧ. ಕೆಂಪು ಕರಂಟ್ ಮತ್ತು ಗೂಸ್‌ಬೆರಿಗಳ ಮೇಲೆ ಕಣ್ಣು ಸ್ವಲ್ಪ ಕಡಿಮೆ. ಅವೂ ತುಕ್ಕಿಗೆ ಜಾಗ ಕೊಡುತ್ತವೆ, ಆದರೆ ಕಪ್ಪಿನಷ್ಟಲ್ಲ. ಸುತ್ತ ಬಿಳಿ ಪೈನ್ ಇದೆಯೇ ಎಂದು ನೋಡಲು ಒಂದು ಸುಲಭ ಗುರುತಿದೆ: ಸೂಜಿಎಲೆಗಳ ಒಂದು ಗೊಂಚಲು ಕಿತ್ತು ಎಣಿಸಿ. ಐದಿದ್ದರೆ ತುಕ್ಕು ತಗಲುವ ಬಳಗದ್ದು. ಎರಡೋ ಮೂರೋ ಇದ್ದರೆ ಆ ಮರಕ್ಕೆ ಕರಂಟಿನಿಂದ ಭಯವಿಲ್ಲ.